ಹನ್ನೊಂದು ದಿನಕ್ಕೆ ಅಣ್ಣನಾದವನು

ಸುಹಾಸ, ಪ್ರಜ್ಞಾ,

ಅವನ ಎಡಗಣ್ಣು ಬಲಗಣ್ಣಿಗಿಂತ ಸಣ್ಣದು. ಹುಟ್ಟಿನಿಂದ ಹಾಗಿರಲಿಲ್ಲ. ಕ್ಯಾಮೆರಾದ ಕಿಂಡಿಗೆ ಬಲಗಣ್ಣಿಟ್ಟು ಎಡಗಣ್ಣು ಮುಚ್ಚಿ ಮುಚ್ಚಿ, ಕೊನೆಕೊನೆಗೆ ಊಟಕ್ಕೆ ಕೂತಾಗಲೂ ಬಸ್ಸಿಗೆ ಕಾಯುವಾಗಲೂ ಆ ರೆಪ್ಪೆ ಪೂರ್ತಿ ಮೇಲೇಳುತ್ತಿರಲಿಲ್ಲ. ಅದರ ಮೂಲೆಯಲ್ಲಿ ಕೋಳಿಯ ಕಾಲಿನಂಥ ಮೂರು ಗೆರೆ. ಇಪ್ಪತ್ತೈದರ ಹುಡುಗನಿಗೆ ಒಂದು ಕಡೆ ಮಾತ್ರ ಮುದುಕನ ಕಣ್ಣು. ಎದುರು ನಿಂತು ಮಾತಾಡಿದವರಿಗೆ ಇವನು ನಮ್ಮನ್ನು ನಂಬುತ್ತಿಲ್ಲವೇನೋ ಅನ್ನಿಸುತ್ತಿತ್ತು.

ನಮ್ಮ ನಡುಮನೆಯ ಗೋಡೆಯ ಮೇಲಿದ್ದಾನಲ್ಲ, ನೀವು "ಯುದ್ಧದ ಅಜ್ಜ" ಎಂದು ಕರೆಯುತ್ತೀರಲ್ಲ, ಅವನ ಮಾತು ಹೇಳುತ್ತಿದ್ದೇನೆ. ಅಜ್ಜನಾಗುವಷ್ಟು ಕಾಲ ಅವನು ಬದುಕಲಿಲ್ಲ. ಕಳೆದ ಚೌತಿಯ ಮೊದಲು ಪತ್ರಿಕೆಯವರಿಬ್ಬರು ಬಂದು ಆ ಫೋಟೊ ಇಳಿಸಿ, ಬಾಗಿಲ ಬೆಳಕಿಗೆ ಹಿಡಿದು, ಅದರದೇ ಒಂದು ಫೋಟೊ ತೆಗೆದುಕೊಂಡು ಹೋದದ್ದು ನಿಮಗೆ ನೆನಪಿರಬಹುದು. ಅವರಲ್ಲಿ ಕನ್ನಡಕದವನು, "ನೋಡಿ, ಯುದ್ಧ ಕಂಡ ಕಣ್ಣು ಅಂದ್ರೆ ಇದು" ಎಂದ. ನಾನು ಚಹಾದ ತಟ್ಟೆ ಹಿಡಿದುಕೊಂಡು ಬಾಗಿಲ ಹಿಂದೆ ನಿಂತಿದ್ದೆ. ಒಂದು ಮಾತು ಬಾಯಿಗೆ ಬಂತು, ನುಂಗಿದೆ. ಹೊರಗಿನವರ ಎದುರು ಮಾತಾಡಿ ನನಗೆ ರೂಢಿಯಿಲ್ಲ. ಹದಿನೈದು ದಿನದ ಮೇಲೆ ಪತ್ರಿಕೆ ಬಂತು. ಅವನ ಮುಖದ ಕೆಳಗೆ ಸಣ್ಣ ಅಕ್ಷರದಲ್ಲಿ "ಚಿತ್ರ: ಕುಟುಂಬದ ಸಂಗ್ರಹ" ಎಂದಿತ್ತು. ಆ ಎರಡು ಶಬ್ದ ಓದಿ ನನಗೆ ಎರಡು ದಿನ ಅನ್ನ ಸೇರಲಿಲ್ಲ. ಮೊಮ್ಮಕ್ಕಳನ್ನು ಕಂಡ ಇಷ್ಟು ವಯಸ್ಸಿನವಳಿಗೆ ಸತ್ತವನ ಮೇಲೆ ಹೊಟ್ಟೆಕಿಚ್ಚೇ ಎಂದು ನೀವು ನಗಬಹುದು. ನಕ್ಕುಕೊಂಡೇ ಓದಿ.

ಅವನು ನನ್ನ ಚಿಕ್ಕಪ್ಪನ ಮಗ. ನನಗಿಂತ ಹನ್ನೊಂದು ದಿನಕ್ಕೆ ದೊಡ್ಡವನು. ಆ ಹನ್ನೊಂದು ದಿನದ ಸಲುವಾಗಿ ನಾನು ಬದುಕಿಡೀ ಅವನನ್ನು "ಅಣ್ಣ" ಎಂದು ಕರೆಯಬೇಕಾಯಿತು. ಹೆತ್ತ ತಾಯಿ ಇಲ್ಲದ ಕಾರಣ ಅವನು ಬೆಳೆದದ್ದು ಮಿರ್ಜಾನದ ನಮ್ಮ ಮನೆಯಲ್ಲಿ, ನಮ್ಮ ಅಜ್ಜಿಯ ಕೈಯಲ್ಲಿ. ಅಜ್ಜಿಯದು ದೊಡ್ಡ ಕಣ್ಣು. ರೆಪ್ಪೆಯ ಮೇಲೆ ಒಂದಲ್ಲ, ಎರಡು ಮಡಿಕೆ. ಅವಳ ಮಕ್ಕಳಲ್ಲಿ ಯಾರಿಗೂ ಬಾರದ ಆ ಕಣ್ಣು ಮೊಮ್ಮಕ್ಕಳಲ್ಲಿ ನಮ್ಮಿಬ್ಬರಿಗೆ ಮಾತ್ರ ಬಂದಿತ್ತು. ಅಂಗಳದಲ್ಲಿ ಆಡುತ್ತಿದ್ದರೆ ದಾರಿಯಲ್ಲಿ ಹೋಗುವವರು, "ಎಂತದು, ಮುದುಕಿಯ ಕಣ್ಣು ನಾಕಾಗಿ ಓಡ್ತಾ ಇದ್ದಾವಲ್ಲ!" ಎನ್ನುತ್ತಿದ್ದರು.

ಶಾಲೆಯಲ್ಲಿ ನಾನು ಮೊದಲು, ಅವನು ಎಲ್ಲೋ ನಡುವೆ. ಅವನ ಲೆಕ್ಕ ನಾನು ಮಾಡಿಕೊಡುತ್ತಿದ್ದೆ, ನಕ್ಷೆ ನಾನು ಬರೆದುಕೊಡುತ್ತಿದ್ದೆ. ಏಳನೆಯ ಇಯತ್ತೆ ಮುಗಿದಾಗ ಅವನು ಕುಮಟೆಯ ಹೈಸ್ಕೂಲಿಗೆ ಹೋದ. ನಾನೂ ಕುಮಟೆಗೆ ಹೋದೆ, ಚಿಕ್ಕಪ್ಪನಿಗೂ ಅವನಿಗೂ ಅಡುಗೆ ಮಾಡಿ ಹಾಕುವುದಕ್ಕೆ. ಬೆಳಿಗ್ಗೆ ಅವನು ಪುಸ್ತಕ ಹಿಡಿದು ಮೆಟ್ಟಿಲಿಳಿಯುವಾಗ ನಾನು ಗಂಜಿಯ ಪಾತ್ರೆ ತಿಕ್ಕುತ್ತಿದ್ದೆ. ಈ ಕಥೆಯ ಬೇರು ಅಲ್ಲಿದೆ. ಮುಂದಿನದೆಲ್ಲ ಅದರ ಚಿಗುರು.

ಚಿಕ್ಕಪ್ಪನದು ಫೋಟೊ ಸ್ಟುಡಿಯೊ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ. ಮಾಡಿನಲ್ಲಿ ಹಂಚಿನ ನಡುವೆ ಎರಡು ಸಾಲು ಗಾಜು, ಅದೇ ದೀಪ. ಗೋಡೆಗೆ ಕಂಬ, ಕೊಳ, ಹಂಸ ಬರೆದ ಪರದೆ. ಮೂರು ಕಾಲಿನ ಮೇಲೆ ಮರದ ದೊಡ್ಡ ಕ್ಯಾಮೆರಾ, ಅದರ ಹಿಂದೆ ಕಪ್ಪು ಮುಸುಕು. ಒಂದು ಮಧ್ಯಾಹ್ನ ಚಿಕ್ಕಪ್ಪ ಗಾಜಿನ ಪ್ಲೇಟು ತರಲು ಒಳಗೆ ಹೋದಾಗ ನಾನು ತಡೆಯಲಾರದೆ ಆ ಮುಸುಕಿನೊಳಗೆ ತಲೆ ಹಾಕಿದೆ. ಕುರ್ಚಿಯಲ್ಲಿ ಕೂತ ವಕೀಲರು ತಲೆಕೆಳಗಾಗಿ ತೂಗುತ್ತಿದ್ದರು, ಮೀಸೆ ಮೇಲೆ, ಪೇಟ ಕೆಳಗೆ. ಅಷ್ಟು ಚಂದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಚಿಕ್ಕಪ್ಪ ಬಂದು ಮೆಲ್ಲಗೆ ನನ್ನ ಭುಜ ಹಿಡಿದು ಹೊರಗೆಳೆದರು. ಬಯ್ಯಲಿಲ್ಲ. "ಹೆಣ್ಣುಹುಡುಗಿ ಮುಸುಕಿನೊಳಗಿಂದ ನೋಡೂದು ಅಂದ್ರೆ ಗಿರಾಕಿ ಕೂತ್ಕಳೂದಿಲ್ಲ ಮಗಾ" ಎಂದರು, ಅಷ್ಟೆ. ಮರುದಿನದಿಂದ ಅಣ್ಣನಿಗೆ ಮುಸುಕಿನೊಳಗಿನ ಕೆಲಸ ಕಲಿಸತೊಡಗಿದರು. ಅವನು ಅದನ್ನು ಕೇಳಿರಲೂ ಇಲ್ಲ.

ನನಗೆ ಕೊಟ್ಟದ್ದು ಪೆನ್ಸಿಲ್ ಕೆಲಸ. ನನ್ನ ರಂಗೋಲಿಯ ಗೆರೆ ಅಲುಗುವುದಿಲ್ಲ ಎಂದು ಚಿಕ್ಕಪ್ಪ ನೋಡಿ ಇಟ್ಟುಕೊಂಡಿದ್ದರು. ತೊಳೆದ ನೆಗೆಟಿವ್ ಗಾಜನ್ನು ಓರೆ ಹಲಗೆಯ ಮೇಲಿಟ್ಟು, ಕೆಳಗೆ ಕನ್ನಡಿಯಿಟ್ಟು ಬೆಳಕು ಹಾಯಿಸಿ, ಸೂಜಿಯಂತೆ ಮಸೆದ ಪೆನ್ಸಿಲಿನಿಂದ ಸಿಡುಬಿನ ಕಲೆ ಮುಚ್ಚುವುದು, ಕಣ್ಣ ಕೆಳಗಿನ ಕಪ್ಪು ತೆಗೆಯುವುದು. ಅಲ್ಲಿ ಎಲ್ಲ ಉಲ್ಟಾ. ಪೆನ್ಸಿಲಿನಿಂದ ಕಪ್ಪು ಬಳಿದಲ್ಲಿ ಕಾಗದದ ಮೇಲೆ ಬಿಳಿ ಬರುತ್ತದೆ. ಕಪ್ಪು ಬೇಕಾದರೆ ಬ್ಲೇಡಿನ ತುದಿಯಿಂದ ಕೆರೆಯಬೇಕು. ಒಂದು ಗೆರೆ ಹೆಚ್ಚಾದರೆ ಮುಖ ಹಾಳು.

ಆಗ ನಮ್ಮ ಕಡೆ ಬದುಕಿದ್ದಾಗ ಫೋಟೊ ತೆಗೆಸಿಕೊಂಡವರು ಕಡಿಮೆ. ಮನೆಯಲ್ಲಿ ಯಾರಾದರೂ ತೀರಿಕೊಂಡಾಗಲೇ ಫೋಟೊದವರಿಗೆ ಕರೆ ಹೋಗುತ್ತಿತ್ತು. ಹೆಣಕ್ಕೆ ಸ್ನಾನ ಮಾಡಿಸಿ, ಒಳ್ಳೆಯ ಬಟ್ಟೆ ಉಡಿಸಿ, ಕುರ್ಚಿಯಲ್ಲಿ ಕೂರಿಸಿ, ಬೀಳದ ಹಾಗೆ ಶಾಲಿನ ಒಳಗಿಂದ ಪಂಚೆ ಕಟ್ಟಿ ಫೋಟೊ ತೆಗೆಯುವುದು. ಮೇಲೆ ನನ್ನ ಕೆಲಸ. ಮುಚ್ಚಿದ ಕಣ್ಣನ್ನು ಗಾಜಿನ ಮೇಲೆ ತೆರೆಸಿ ಕೊಡಬೇಕು. ಸತ್ತವರ ಕಣ್ಣು ಹೇಗಿತ್ತೆಂದು ನನಗೇನು ಗೊತ್ತು? ಚಿಕ್ಕಪ್ಪ ಮನೆಯವರಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಅವರ ಕಣ್ಣು ಯಾರಿಗೆ ಬಂದದೆ?" ಮಗಳೋ ತಮ್ಮನೋ ಮೊಮ್ಮಗನೋ, ಯಾರಿಗೆ ಆ ಕಣ್ಣು ಬಂದಿದೆಯೋ ಅವರನ್ನು ಕರೆತಂದು ನನ್ನೆದುರು ಕೂರಿಸುತ್ತಿದ್ದರು. ನಾನು ತಲೆತಗ್ಗಿಸಿ ಅಡುಗೆಮನೆಯಿಂದ ಬಂದು, ಅವರ ಕಣ್ಣನ್ನು ಮಾತ್ರ ತಲೆಯೆತ್ತಿ ನೋಡಿ, ಗಾಜಿನ ಮೇಲೆ ಇಳಿಸುತ್ತಿದ್ದೆ. ಕೊನೆಗೆ ಕಪ್ಪು ಗುಡ್ಡೆಯ ಬದಿಗೆ ಪೆನ್ಸಿಲಿನ ಒಂದು ಚುಕ್ಕೆ. ಕಾಗದದಲ್ಲಿ ಅದು ಬೆಳಕಾಗಿ ಬರುತ್ತದೆ. ಆ ಚುಕ್ಕೆ ಬೀಳುವವರೆಗೆ ಹೆಣ ಹೆಣವೇ. ಫೋಟೊ ಕೈಗೆ ಬಂದಾಗ ಜನ ಚಿಕ್ಕಪ್ಪನ ಕೈ ಹಿಡಿದು ಅಳುತ್ತಿದ್ದರು. ಅಣ್ಣನಿಗೆ, "ಅಪ್ಪನ ಕೈ ನಿಂಗೂ ಬಂದದೆ" ಎನ್ನುತ್ತಿದ್ದರು. ಒಲೆಯ ಮುಂದೆ ಕೂತವಳನ್ನು ಯಾರು ನೋಡುತ್ತಾರೆ?

ಆಗಲೇ ಭಟ್ಕಳದ ಒಬ್ಬ ನವಾಯತ ಮುಸ್ಲಿಂ ಬಟ್ಟೆ ವ್ಯಾಪಾರಿ ಪಾಸ್‌ಪೋರ್ಟಿನ ಫೋಟೊಕ್ಕೆ ಬಂದವರು, ಅಣ್ಣನ ಚುರುಕು ನೋಡಿ ಮೆಚ್ಚಿ, ಮುಂದಿನ ಸಲ ಬರುವಾಗ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಪರದೇಶದ ಸಣ್ಣ ಕ್ಯಾಮೆರಾ ತಂದು, "ರಖ್ ಲೇ ಬೇಟಾ, ಇಟ್ಕೋ" ಎಂದು ಕೊಟ್ಟರು. ಅದರ ಮುಂದೆ ಹಾರ್ಮೋನಿಯಮ್ಮಿನ ತಿದಿಯಂತೆ ಚಾಚುವ ಮಡಿಕೆಯ ಚರ್ಮ ತೂತುಬಿದ್ದು ಬೆಳಕು ಸೋರುತ್ತಿತ್ತು. ಹಳೆಯ ಕೊಡೆಯ ಬಟ್ಟೆ ಕತ್ತರಿಸಿ, ಒಂದೊಂದು ಮಡಿಕೆಗೂ ಒಳಗಿನಿಂದ ಅಂಟಿಸಿ ಹೊಲಿದುಕೊಟ್ಟವಳು ನಾನು. ಮೂರು ದಿನ ಹಿಡಿಯಿತು, ಬೆರಳು ತೂತಾಯಿತು. ಆ ಕ್ಯಾಮೆರಾ ಹಿಡಿದೇ ಅವನು ಮುಂದೆ ಮುಂಬೈಗೆ ಹೋದ.

ಹೋದದ್ದು ನನ್ನ ಮದುವೆಯಾದ ಎಂಟನೆಯ ದಿನ. ಮದುವೆಯ ಫೋಟೊ ಅವನೇ ತೆಗೆದಿದ್ದ. ಅದರಲ್ಲಿ ನಾನು ಕಣ್ಣು ಮುಚ್ಚಿದ್ದೇನೆ, ನಿಮಗೆ ಗೊತ್ತು. ನಾಚಿ ಕೆಳಗೆ ನೋಡುತ್ತಿದ್ದೆ, ಅವನು "ಮೇಲೆ ನೋಡೇ" ಎಂದು ಒಂದು ಮಾತು ಹೇಳಲಿಲ್ಲ. ಕೇಳಿದ್ದಕ್ಕೆ, "ಹೇಳಿದ್ರೆ ನೀನಾಗಿರ್ತಿರಲಿಲ್ಲ. ಬೇಕಾದ್ರೆ ಪೆನ್ಸಿಲ್ ತಕಂಡು ನೀನೇ ತೆರೆಸ್ಕೋ" ಎಂದು ನಕ್ಕ. ಹಟಕ್ಕೆ ನಾನು ಅದನ್ನು ಮುಟ್ಟಲಿಲ್ಲ. ಅವನು ಬಡಗು ದಿಕ್ಕಿನ ಬಸ್ಸು ಹತ್ತಿದ. ನಾನು ಹೊನ್ನಾವರಕ್ಕೆ ಬಂದೆ, ಶರಾವತಿ ದಾಟಿಸುವ ಲಾಂಚು ಬಂದು ನಿಲ್ಲುವ ಧಕ್ಕೆಯಲ್ಲಿ ಚೀಟಿ ಹರಿಯುತ್ತಿದ್ದ ನಿಮ್ಮ ಅಜ್ಜನ ಮನೆಗೆ. ಚಿಕ್ಕಪ್ಪ ಬಸ್ಸಿನವರ ಕೈಯಲ್ಲಿ ನೆಗೆಟಿವ್ ಕಳಿಸುತ್ತಿದ್ದರು, ಮಧ್ಯಾಹ್ನದ ಹೊತ್ತು ಕಿಟಕಿಯ ಬಳಿ ಕೂತು ಮಾಡಿ ಕಳಿಸುತ್ತಿದ್ದೆ.

ಮುಂಬೈಯಲ್ಲಿ ಅವನು ಪತ್ರಿಕೆಯೊಂದರ ಕತ್ತಲೆಕೋಣೆಯಲ್ಲಿ ಫಿಲ್ಮು ತೊಳೆಯುವವನಾಗಿ ಸೇರಿದ. ಗೋವೆಗೆ ಸೈನ್ಯ ಹೋಗುವುದೆಂದಾದಾಗ, ಕಾರವಾರದ ದಾರಿಯೂ ಕೊಂಕಣಿಯೂ ಗೊತ್ತಿದ್ದವನು ಎಂದು ದೊಡ್ಡ ಫೋಟೊಗ್ರಾಫರರ ಚೀಲ ಹೊರಲು ಅವನನ್ನು ಜೊತೆಗೆ ಕಳಿಸಿದರು. ಆ ದೊಡ್ಡವರಿಗೆ ದಾರಿಯಲ್ಲಿ ಹೊಟ್ಟೆ ಕೆಟ್ಟಿತು. ಕೊಡೆಬಟ್ಟೆಯ ಕ್ಯಾಮೆರಾದಲ್ಲಿ ಇವನು ತೆಗೆದ ಚಿತ್ರ ಮುಖಪುಟಕ್ಕೆ ಬಂತು, ಕೆಳಗೆ ಹೆಸರು. ಹಣೆಬರಹ ಎಂದರೆ ಹೀಗೆ, ಇನ್ನೊಬ್ಬರ ಹೊಟ್ಟೆ ಕೆಟ್ಟರೆ ಅಣ್ಣನಿಗೆ ಊಟ.

ಆಮೇಲೆ ಚೀನಾದ ಯುದ್ಧ. ಅವನನ್ನು ಈಶಾನ್ಯದ ಗುಡ್ಡಗಳಿಗೆ ಕಳಿಸಿದರು. ಪತ್ರಿಕೆ ಹೊನ್ನಾವರ ಮುಟ್ಟುವಾಗ ಎರಡು ದಿನ ಹಳತಾಗಿರುತ್ತಿತ್ತು. ನಿಮ್ಮ ಅಜ್ಜ ಧಕ್ಕೆಯಿಂದ ಓಡಿಬಂದು, "ನಿನ್ನ ಅಣ್ಣ! ನೋಡು, ನಿನ್ನ ಅಣ್ಣ!" ಎಂದು ಹಾಸಿ ತೋರಿಸುತ್ತಿದ್ದರು. ಹಿಮದಲ್ಲಿ ಕೂತ ಒಬ್ಬ ಜವಾನ, ಎರಡೂ ಕೈಗೆ ಬಟ್ಟೆ ಸುತ್ತಿದ್ದಾರೆ. ಇನ್ನೊಬ್ಬ ಅವನ ತುಟಿಗೆ ಬೀಡಿ ಇಟ್ಟು ಕಡ್ಡಿ ಗೀರುತ್ತಿದ್ದಾನೆ. ಧಕ್ಕೆಯ ಚಹಾದಂಗಡಿಯವರು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದರು. ಊರೆಲ್ಲ ಮೆಚ್ಚಿದ ಆ ಚಿತ್ರವನ್ನು ನಾನು ಒಂದು ತಾಸು ಹುಳುಕು ಹುಡುಕುತ್ತ ನೋಡಿದೆ. ಕೊನೆಗೂ ಸಿಕ್ಕಿತು. ಬಲಬದಿಯ ಅಂಚಿನಲ್ಲಿ ಯಾವುದೋ ಹೇಸರಗತ್ತೆಯ ಅರ್ಧ ಕಿವಿ ಬಂದಿತ್ತು. "ಇಷ್ಟು ಗೊತ್ತಾಗಲಿಲ್ವಾ ಅವಂಗೆ? ನಾನಾಗಿದ್ರೆ ಎರಡು ಹೆಜ್ಜೆ ಎಡಕ್ಕೆ ಸರೀತಿದ್ದೆ" ಎಂದೆ. ನಿಮ್ಮ ಅಜ್ಜ ನನ್ನ ಮುಖ ನೋಡಿ, "ಮಾರಾಯ್ತಿ, ಅಲ್ಲಿ ಎರಡು ಹೆಜ್ಜೆ ಎಡಕ್ಕೆ ಕೊರಕಲು ಇದ್ದೀತು" ಎಂದರು.

ಯುದ್ಧ ನಿಂತು ಕೆಲವು ತಿಂಗಳಿಗೆ ಅವನು ಬಂದ. ಕೆನ್ನೆ ಒಳಗೆ ಹೋಗಿತ್ತು, ಎಡಗಣ್ಣು ಆಗಲೇ ಸಣ್ಣದಾಗಿತ್ತು. ಬಂಗಡೆ ಸಾರು ಮಾಡಿ ಬಡಿಸಿದೆ. ಮೂರು ಸಲ ಹಾಕಿಸಿಕೊಂಡ. ನಾನು ಕತ್ತೆಯ ಕಿವಿಯ ಮಾತು ಎತ್ತಿದೆ.

"ಆ ಕಿವಿ ಕಂಡಿತ್ತೇ. ಇರಲಿ ಅಂತ ಬಿಟ್ಟೆ. ಅವರಿಬ್ಬರನ್ನ ಹೊತ್ತು ತಂದದ್ದು ಅದೇ ಅಲ್ದಾ?" ಎಂದ. ಆಮೇಲೆ ನನ್ನನ್ನು ಆ ಅರೆಗಣ್ಣಿನಲ್ಲಿ ನೋಡಿ, "ತಂಗೀ, ನಿನ್ನ ಹೊಟ್ಟೆಕಿಚ್ಚಿಗೆ ಒಂದು ಕೆಂಪು ಕಾಗದ ಸುತ್ತಿದ್ರೆ ಕತ್ತಲೆಕೋಣೆಗೆ ಬೇರೆ ಕೆಂಪು ದೀಪ ಬೇಡ" ಎಂದ. ನಿಮ್ಮ ಅಜ್ಜ ಅನ್ನ ನೆತ್ತಿಗೇರುವಷ್ಟು ನಕ್ಕರು. ನನಗೆ ನಗು ಬರಲಿಲ್ಲ.

ಊಟದ ಮೇಲೆ ಚೀಲದಿಂದ ಒಂದು ಲಕೋಟೆ ತೆಗೆದ. ಒಳಗೆ ಒಂದು ನೆಗೆಟಿವ್. ಅದರಲ್ಲಿ ಸೈನ್ಯ ಸೇರಿದ್ದ ಮಿರ್ಜಾನದ ಹುಡುಗ, ನಮಗಿಂತ ಎರಡು ವರ್ಷ ಸಣ್ಣವನು, ನಮ್ಮದೇ ಶಾಲೆ. ಹೊಳೆಯಲ್ಲಿ ಚಿಪ್ಪು ಹೆಕ್ಕಿ ಮಾರುತ್ತಿದ್ದವಳ ಒಬ್ಬನೇ ಮಗ. ಅಸ್ಸಾಮಿನ ಒಂದು ಆಸ್ಪತ್ರೆಯಲ್ಲಿ ಸಾಲು ಮಂಚಗಳ ನಡುವೆ ಯಾರೋ ಕನ್ನಡದಲ್ಲಿ ನೀರು ಕೇಳಿದ್ದು ಕೇಳಿ ಅಣ್ಣ ತಿರುಗಿ ನೋಡಿದನಂತೆ. ಎರಡು ದಿನ ಬಳಿಯಲ್ಲಿ ಕೂತ. ಫೋಟೊ ತೆಗೀಲಾ ಎಂದಿದ್ದಕ್ಕೆ ಹುಡುಗ, "ಈ ಅವತಾರದಲ್ಲಿ ಬೇಡ. ಗುಣ ಆಗ್ಲಿ, ಮೀಸೆ ತಿದ್ದಿ ಕೂತ್ಕಳ್ತೆ" ಎಂದನಂತೆ. ಗುಣವಾಗಲಿಲ್ಲ. ಮೂರನೆಯ ದಿನ ಅಣ್ಣ ಅವನ ಕೂದಲು ಬಾಚಿ, ತಲೆ ಎತ್ತರಕ್ಕೆ ದಿಂಬು ಕೊಟ್ಟು, ನಮ್ಮ ಊರಿನ ಪದ್ಧತಿಯಂತೆ ಫೋಟೊ ತೆಗೆದ. ಪತ್ರಿಕೆಗೆ ಅದನ್ನು ಕೊಡಲಿಲ್ಲ.

"ಅವನ ಅವ್ವಿಯ ಹತ್ರ ಒಂದೂ ಫೋಟೊ ಇಲ್ಲ. ಕಣ್ಣು ತೆರೆಸಿ ಕೊಡು. ಅವನ ಕಣ್ಣು ಅವ್ವಿಯದೇ. ಅವಳನ್ನ ನಿನ್ನ ಹತ್ರ ಕಳಿಸ್ತೆ."

ಅವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ ಒಂದು ಮಾತಿತ್ತು: ಯುದ್ಧದ ಫೋಟೊಕ್ಕೆ ಪೆನ್ಸಿಲ್ ತಾಗಬಾರದು. ನಾನು ಅದನ್ನೇ ಎತ್ತಿ ಅವನ ಮುಖಕ್ಕೆ ಹೊಡೆದೆ. "ಪೆನ್ಸಿಲ್ ತಾಗಬಾರ್ದು ಅಂದವ ನೀನೇ ಅಲ್ದಾ? ಈಗ ಎಂತ ಆತು? ಹೆಸರು ಬರೂವಲ್ಲಿ ಪೆನ್ಸಿಲ್ ಬೇಡ, ಹೆಸರು ಬರದ ಕೆಲಸಕ್ಕೆ ತಂಗಿ ಬೇಕು!"

ಅವನು ಲಕೋಟೆಯನ್ನು ಕಿಟಕಿಯ ಮೇಲಿಟ್ಟು, "ಮಳೆಗಾಲದೊಳಗೆ ಮಾಡಿಕೊಡು. ಅವಳ ಒಂದು ಕಣ್ಣು ಆಗಲೇ ಹೋಗಿದೆ" ಎಂದು ಹೇಳಿ ಹೊರಟ.

ಆ ತಾಯಿ ಹತ್ತು ದಿನದಲ್ಲಿ ಬಂದಳು. ಹೊಳೆ ದಾಟಿ, ಕುಮಟೆಯಲ್ಲಿ ಬಸ್ಸು ಬದಲಿಸಿ ಬಂದವಳ ಕೈಯಲ್ಲಿ ನನಗೆಂದು ಬಾಳೆಲೆಯಲ್ಲಿ ಕಟ್ಟಿದ ಚಿಪ್ಪಿನ ಮಾಂಸ. ಎಡಗಣ್ಣು ಬೆಳ್ಳಗಾಗಿತ್ತು. ಬಲಗಣ್ಣು ಮಾತ್ರ ಹೊಳೆಯ ನೀರಲ್ಲಿ ಅದ್ದಿ ತೆಗೆದ ಕಲ್ಲಿನಂತೆ ಕಪ್ಪಗೆ, ಚೊಕ್ಕಟವಾಗಿತ್ತು. ಆವತ್ತೇ ಅವಳನ್ನು ಕೂರಿಸಿಕೊಂಡಿದ್ದರೆ ಒಂದು ಮಧ್ಯಾಹ್ನದ ಕೆಲಸ. ನಾನು, "ಈಗ ಪೆನ್ಸಿಲ್ ಸರಿ ಇಲ್ಲ, ಇನ್ನೊಮ್ಮೆ ಬನ್ನಿ" ಎಂದೆ. ಎರಡನೆಯ ಸಲ ಬಂದಾಗ, "ಮಳೆಗಾಲದ ತೇವಕ್ಕೆ ಔಷಧ ಒಣಗೂದಿಲ್ಲ, ದೀಪಾವಳಿ ಕಳೀಲಿ" ಎಂದೆ. ಅವಳು ಎರಡೂ ಸಲ, "ಆತು ತಂಗಿ, ನಿಂಗೂ ಮನೆಕೆಲಸ ಇರೂದಲ್ದಾ" ಎಂದು ಎದ್ದು ಹೋದಳು. ಸುಳ್ಳು ಹೇಳುವುದು ನನಗೆ ಕಷ್ಟವೇನೂ ಆಗಲಿಲ್ಲ. ಆ ಲಕೋಟೆ ಮುಟ್ಟಲು ಹೋದಾಗೆಲ್ಲ ಚಹಾದಂಗಡಿಯ ಗೋಡೆಯ ಮೇಲಿನ ಅವನ ಹೆಸರು ನೆನಪಾಗುತ್ತಿತ್ತು. ಈ ಒಂದು ಫೋಟೊ ನನ್ನ ಕೈಯಲ್ಲಿ ನಿಂತಿದೆ, ನಿಲ್ಲಲಿ, ಅವನಿಗೂ ಗೊತ್ತಾಗಲಿ ಎನ್ನುವ ಒಂದು ಸುಖವೂ ಇತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ದೀಪಾವಳಿ ಕಳೆದು ಮೂರನೆಯ ಸಲ ಬಂದಾಗ ಅವಳು ನಮ್ಮ ಮನೆಯ ಹೊಸ್ತಿಲು ಎಡವಿ ಮುಗ್ಗರಿಸಿದಳು. ಎತ್ತಿ ಕೂರಿಸಿ ಮುಖ ನೋಡಿದೆ. ಬಲಗಣ್ಣಿಗೂ ಪೊರೆ ಬಂದಿತ್ತು. ಆ ಕಪ್ಪು ಕಲ್ಲಿನ ಮೇಲೆ ಹಾಲು ಚೆಲ್ಲಿದಂತೆ.

ಲಕೋಟೆ ತೆಗೆದು ಅಲ್ಲಿಯೇ ಕಿಟಕಿಯ ಬಳಿ ಕೂತೆ. ಆದರೆ ನೋಡಿ ಬರೆಯಲು ಕಣ್ಣೆಲ್ಲಿದೆ? ಅಂಚು ಇದೆ, ರೆಪ್ಪೆ ಇದೆ, ನಡುವೆ ಮಬ್ಬು. ಮೊದಲ ದಿನ ಕಂಡದ್ದನ್ನು ನೆನೆಸಿಕೊಳ್ಳಲು ನೋಡಿದೆ. ಆ ಕಪ್ಪು ಹೊಳಪೊಂದು ಬಿಟ್ಟರೆ ಆ ದಿನ ನಾನು ಅವಳ ಕಣ್ಣನ್ನು ಸರಿಯಾಗಿ ನೋಡಿಯೇ ಇರಲಿಲ್ಲ, ಕಳಿಸುವ ಅವಸರದಲ್ಲಿದ್ದೆ. ಅಂದಾಜಿನಲ್ಲಿ ಬರೆದೆ. ನೂರು ಜನರ ಕಣ್ಣು ತೆರೆಸಿದ ಕೈ ಅಂದಾಜಿನಲ್ಲಿ ಬರೆದ ಕಣ್ಣು ಅದೊಂದೇ. ಚಿಕ್ಕಪ್ಪ ಮುದ್ರಿಸಿ ಕಳಿಸಿದ ಫೋಟೊವನ್ನು ನಾನೇ ಮಿರ್ಜಾನಕ್ಕೆ ಹೋಗಿ ಕೊಟ್ಟೆ. ಅವಳು ಅಂಗಳದ ಬಿಸಿಲಿಗೆ ಹೋಗಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ತುಂಬ ಹೊತ್ತು ನೋಡಿದಳು.

"ಇಂವ ನನ್ನ ಮಗನೇ" ಎಂದಳು. "ಸ್ವಲ್ಪ ಮಬ್ಬು ಕಾಣ್ತಾನೆ. ಅಲ್ಲಿ ಮಂಜು ಬೀಳೂದಂತಲ್ಲ ತಂಗಿ, ಅದೇ ಇರ್ಬೇಕು."

ಮುಂದಿನ ಸಲ ಅಣ್ಣ ಬಂದಾಗ ಬಯ್ಯುತ್ತಾನೆಂದು ಕಾದೆ. ಅವನು ಮೊದಲೇ ಮಿರ್ಜಾನಕ್ಕೆ ಹೋಗಿ ಬಂದಿದ್ದ, ಎಲ್ಲ ಗೊತ್ತಿತ್ತು. "ಕೊಟ್ಯಲ್ಲ, ಆತು" ಎಂದ. ಬೈದಿದ್ದರೆ ನನಗೂ ನಾಲ್ಕು ಮಾತಾಡಲು ದಾರಿ ಸಿಗುತ್ತಿತ್ತು.

ಆ ಸಲ ಹೊರಡುವ ಮೊದಲು ಲಾಂಚಿನ ಧಕ್ಕೆಯಲ್ಲಿ ನಿಂತು, ಕುತ್ತಿಗೆಯಿಂದ ಕ್ಯಾಮೆರಾ ತೆಗೆದು ನನ್ನ ಕೈಗಿಟ್ಟ. ಪತ್ರಿಕೆಯವರು ಕೊಟ್ಟ ಹೊಸದು. "ನಂದೊಂದು ಫೋಟೊ ತೆಗಿಯೇ. ಊರಿನವರದೆಲ್ಲ ತೆಗೆದೆ, ನಂದು ಒಂದೂ ಇಲ್ಲ" ಎಂದ. ಮೀನಿನ ಬುಟ್ಟಿಯ ಹೆಂಗಸರು, ಲಾಂಚಿನವರು, ಎಲ್ಲ ನೋಡುತ್ತಿದ್ದರು.

"ಜನ ನೋಡ್ತಾರೆ" ಎಂದೆ.

"ನೋಡ್ಲಿ. ಮುಸುಕಿನೊಳಗೆ ಹೋಗಬೇಕಾದವಳು ನೀನೇ ಆಗಿತ್ತು. ಹೋಗಿದ್ರೆ ನಾನು ಕುಮಟೆಯಲ್ಲಿ ಗಂಜಿ ಕಾಯಿಸ್ತಾ ಇರ್ತಿದ್ದೆ. ತಕಾ, ಈ ಗುಂಡಿ ಒತ್ತು, ಅಷ್ಟೆ."

ಎಷ್ಟು ವರ್ಷದಿಂದ ಕಾದಿದ್ದ ಮಾತು ಅದು! ಅದನ್ನು ಅವನು ಹೀಗೆ ಮೀನಿನ ವಾಸನೆಯ ನಡುವೆ, ನಗುತ್ತ ಹೇಳಿಬಿಟ್ಟ. ನನಗೆ ಸಿಟ್ಟು ಬಂತು. "ನಿನ್ನ ಎಂಜಲು ನಂಗೆ ಬೇಡ" ಎಂದು ಕ್ಯಾಮೆರಾ ವಾಪಸು ಕೊಟ್ಟೆ. ಅವನ ಮುಖದ ನಗು ಸ್ವಲ್ಪ ಹೊತ್ತು ಹಾಗೇ ಉಳಿದು, ಆಮೇಲೆ ಹೋಯಿತು. ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡ.

ಪಾಕಿಸ್ತಾನದ ಜೊತೆ ಯುದ್ಧವಾದ ವರ್ಷ ಅವನು ಪಂಜಾಬಿನಲ್ಲಿದ್ದ. ಗುಂಡು ತಾಗಲಿಲ್ಲ, ಬಾಂಬು ತಾಗಲಿಲ್ಲ. ಯಾವುದೋ ಶಿಬಿರದ ನೀರು ಕುಡಿದು ಕಾಮಾಲೆ ಅಂಟಿಸಿಕೊಂಡು ಕುಮಟೆಗೆ ಬಂದ. ನಾನು ಹೊನ್ನಾವರದಿಂದ ಹೋಗಿ ಒಂದು ತಿಂಗಳು ಅವನಿಗೆ ಗಂಜಿ ಕಾಯಿಸಿದೆ. ಹಳೆಯ ಅಡುಗೆಮನೆ, ಹಳೆಯ ಪಾತ್ರೆ. ಕಣ್ಣು ಅರಿಶಿನವಾಗಿತ್ತು. "ಹೆದರ್ಬೇಡವೇ, ಕಪ್ಪು-ಬಿಳಿಯಲ್ಲಿ ಹಳದಿ ಬರೂದಿಲ್ಲ" ಎನ್ನುತ್ತಿದ್ದ. ಸೊಪ್ಪಿನ ಔಷಧವೂ ಆಯಿತು, ಡಾಕ್ಟರೂ ಆಯಿತು. ಒಂದು ಬೆಳಿಗ್ಗೆ ಗಂಜಿ ಆರಿಸಿಕೊಂಡು ಹೋದಾಗ ಅವನು ಹೋಗಿಯಾಗಿತ್ತು. ಇಪ್ಪತ್ತಾರು ವರ್ಷ.

ಚಿಕ್ಕಪ್ಪ ಅಳಲಿಲ್ಲ. ಸ್ನಾನ ಮಾಡಿಸಿ, ಬಿಳಿ ಅಂಗಿ ತೊಡಿಸಿ, ಸ್ಟುಡಿಯೊದ ಕುರ್ಚಿಯಲ್ಲಿ ಕೂರಿಸಿ, ಶಾಲಿನ ಒಳಗಿಂದ ಪಂಚೆ ತಾವೇ ಕಟ್ಟಿದರು. ಮೂರು ಕಾಲಿನ ಕ್ಯಾಮೆರಾ ಎಳೆದು ತಂದರು. ಮುಸುಕಿನೊಳಗೆ ಹೋದರು, ಹೊರಗೆ ಬಂದರು, ಮತ್ತೆ ಹೋದರು, ಮತ್ತೆ ಬಂದರು. ಆಮೇಲೆ ನನ್ನ ಕಡೆ ತಿರುಗಿ, "ನಂಗೆ ಕಾಣೂದಿಲ್ಲ ಮಗಾ. ನೀನು ನೋಡು" ಎಂದು ಮುಸುಕನ್ನು ಎತ್ತಿ ಹಿಡಿದರು.

ಹತ್ತು ವರ್ಷದ ಮೇಲೆ ನಾನು ಆ ಕತ್ತಲೆಯೊಳಗೆ ಹೋದೆ. ಅಣ್ಣ ತಲೆಕೆಳಗಾಗಿ ಕೂತಿದ್ದ. ಮಾಡಿನ ಗಾಜಿನ ಬೆಳಕು ಕೆಳಗಿನಿಂದ ಬಂದಂತೆ ಅವನ ಹಣೆಗೆ ಬಿದ್ದಿತ್ತು. ಅವನ ಮುಖ ಚೊಕ್ಕಟವಾಗುವವರೆಗೆ ತಿರುಪು ತಿರುಗಿಸಿದೆ. ಎರಡು ಹೆಜ್ಜೆ ಎಡಕ್ಕೆ ಸರಿಸಬೇಕೆನಿಸಿತು, ಕ್ಯಾಮೆರಾ ಸರಿಸಿದೆ. ಎಷ್ಟು ಆಸೆಪಟ್ಟ ಜಾಗ! ಅಲ್ಲಿ ನಿಂತಾಗಲೂ ನನಗೆ ಮೊದಲು ಬಂದ ಯೋಚನೆ, ಈ ಕೆಲಸಕ್ಕೂ ಇವನು ನನಗಿಂತ ಮುಂಚೆ ಬಂದು ಹೋಗಿದ್ದಾನಲ್ಲ ಎಂದು. ನಾನು ತೆಗೆದ ಆ ಪ್ಲೇಟು ತೊಳೆದು ಒಣಗಿದ ಮೇಲೆ ಚಿಕ್ಕಪ್ಪ ಅದನ್ನು ತಂದು ಓರೆ ಹಲಗೆಯ ಮೇಲಿಟ್ಟರು. ಯಾರಿಗೋ ಕೇಳುವಂತೆ ಕೇಳಿದರು: "ಇವನ ಕಣ್ಣು ಯಾರಿಗೆ ಬಂದದೆ?" ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಚಿಕ್ಕಪ್ಪ ಒಳಗೆ ಹೋಗಿ ಗೋಡೆಯ ಕನ್ನಡಿ ತಂದು ನನ್ನೆದುರು ನಿಲ್ಲಿಸಿದರು.

ಈ ಸಲ ನಾನು ತಡಮಾಡಲಿಲ್ಲ. ಕನ್ನಡಿಯಲ್ಲಿ ನನ್ನನ್ನು ನೋಡಿದೆ, ಅಜ್ಜಿಯ ಎರಡು ಮಡಿಕೆಯ ರೆಪ್ಪೆ, ಅಳದೆ ಉರಿಯುತ್ತಿದ್ದ ಕಣ್ಣು. ಅದನ್ನೇ ಗಾಜಿನ ಮೇಲೆ ಇಳಿಸಿದೆ. ಎಡದ್ದನ್ನು ಸಣ್ಣ ಮಾಡಿದೆ, ಮೂಲೆಗೆ ಮೂರು ಗೆರೆ ಕೊಟ್ಟೆ. ಅದಕ್ಕೆ ಕನ್ನಡಿ ಬೇಕಾಗಲಿಲ್ಲ. ಅವನ ಮುಖದಲ್ಲಿ ಎಲ್ಲಿ ಏನಿದೆ ಎಂದು ನನ್ನಷ್ಟು ಹುಡುಕಿ ನೋಡಿದವರು ಇನ್ನೊಬ್ಬರಿಲ್ಲ. ಕೊನೆಗೆ ಎರಡು ಚುಕ್ಕೆ ಇಟ್ಟೆ. ಅವನು ನನ್ನನ್ನು ನೋಡಿದ.

ಮಕ್ಕಳೇ, ಈಗ ಗೊತ್ತಾಯಿತಲ್ಲ. ಪತ್ರಿಕೆಯವರು ಮೆಚ್ಚಿಹೋದ ಆ ಕಣ್ಣು ಯಾವ ಯುದ್ಧವನ್ನೂ ಕಂಡಿಲ್ಲ. ಅದು ಲಾಂಚು ಕಂಡಿದೆ, ಒಲೆ ಕಂಡಿದೆ, ಅವನನ್ನು ಕಂಡಿದೆ. ನನ್ನ ಮದುವೆಯ ಫೋಟೊದಲ್ಲಿ ನನ್ನ ಕಣ್ಣು ಇವತ್ತಿಗೂ ಮುಚ್ಚಿಯೇ ಇದೆ. ನನ್ನ ಇಪ್ಪತ್ತಾರನೆಯ ವರ್ಷದ ಕಣ್ಣು ಎಲ್ಲಾದರೂ ಇದ್ದರೆ ಅವನ ಮುಖದಲ್ಲಿದೆ. ಅವನು ಹನ್ನೊಂದು ದಿನಕ್ಕೆ ದೊಡ್ಡವನಾಗಿದ್ದ. ಈಗ ನಾನು ಅವನಿಗಿಂತ ನಲವತ್ತು ವರ್ಷಕ್ಕೆ ದೊಡ್ಡವಳು. ಆದರೂ ದೀಪ ಹಚ್ಚುವಾಗ ಬಾಯಿಗೆ ಬರುವುದು "ಅಣ್ಣ" ಎಂದೇ. ಧಕ್ಕೆಯಲ್ಲಿ ಆ ಗುಂಡಿ ಒತ್ತಿದ್ದರೆ ಅವನದೇ ಕಣ್ಣು ಉಳಿಯುತ್ತಿತ್ತು. ಆ ಸಾಲ ನನ್ನ ಮೇಲಿದೆ, ಮಿರ್ಜಾನದ ತಾಯಿಯದೂ ಇದೆ.

ಪತ್ರಿಕೆಯವರಿಗೆ ಏನೂ ತಿಳಿಸಬೇಡಿ, ನನಗೆ ನಾಚಿಕೆ. ಆದರೆ ಈ ಹಾಳೆಗಳನ್ನು ಕಳೆಯಬೇಡಿ. ಆ ಚೌಕಟ್ಟಿನ ಹಿಂದೆ ನಾಲ್ಕು ಮೊಳೆ ಇವೆ, ತೆಗೆದರೆ ರಟ್ಟು ಬರುತ್ತದೆ. ಫೋಟೊಕ್ಕೂ ರಟ್ಟಿಗೂ ನಡುವೆ ಇವನ್ನು ಮಡಿಸದೆ, ಒಣಗಿದ ಬೇವಿನೆಲೆಯ ಜೊತೆ ಇಟ್ಟು, ಮೊಳೆ ಮತ್ತೆ ಹೊಡೆಯಿರಿ. ಮಳೆಗಾಲದಲ್ಲಿ ಆ ಗೋಡೆ ಜಿನುಗುತ್ತದೆ. ಆಗ ಅವನನ್ನು ಇಳಿಸಿ, ಒಲೆಯ ಬದಿಯ ಬೆಚ್ಚಗಿನ ಗೋಡೆಗೆ ಹಾಕಿ.